ಮಡಿಯ ಗುನುಗಿಗೆ ಬರೆದ ಹೆಸರು

ಆ ಸಿನಿಮಾದ ಸಂಗೀತದ ಆಲ್ಬಮ್ಮಿನಲ್ಲಿ ನಾಲ್ಕನೆಯದು ಹನ್ನೊಂದು ನಿಮಿಷದ ಒಂದು ತುಣುಕು. ಅದರಲ್ಲಿ ಮಾತಿಲ್ಲ, ತಾಳವಿಲ್ಲ. ಕೆಳಗೆ ಶ್ರುತಿ ಪೆಟ್ಟಿಗೆಯ ನಾದ, ಅದರ ಮೇಲೆ ಬಾಯಿ ಮುಚ್ಚಿಕೊಂಡು ಹಾಡಿದಂಥ ಒಂದು ಗುನುಗು, ಅಲ್ಲೊಂದು ಇಲ್ಲೊಂದು ಕಲ್ಲಿನ ಮೇಲೆ ಬಿದ್ದ ಪೆಟ್ಟು. ಫೋನಿನಲ್ಲಿ ಅದರ ಮೇಲೆ ಬೆರಳಿಟ್ಟರೆ ಯಾರು ಏನು ನುಡಿಸಿದರು ಎಂಬ ಪಟ್ಟಿ ತೆರೆಯುತ್ತದೆ. ಕಲ್ಲು ಮತ್ತು ಏಕತಾರಿಯ ಮುಂದೆ ನನ್ನ ಹೆಸರಿದೆ. ಶ್ರುತಿ ಪೆಟ್ಟಿಗೆ ಮತ್ತು ಕೀಬೋರ್ಡಿನ ಮುಂದೆ ನನ್ನ ಗೆಳೆಯನದು. ಗುನುಗಿನ ಮುಂದೆ 'ಕೀಬೋರ್ಡ್ ಸ್ವರ' ಎಂದಿತ್ತು. ಸಿನಿಮಾ ಬಂದ ಮೊದಲ ಕೆಲವು ತಿಂಗಳು ಹಾಗೆಯೇ ಇತ್ತು. ಒಬ್ಬರು ಅದರ ಬಗ್ಗೆ ಬರೆಯುತ್ತ, ಯಂತ್ರದಿಂದ ಇಷ್ಟು ಮನುಷ್ಯತನ ಹೊರಡಿಸಿದ್ದು ದೊಡ್ಡ ಸಾಧನೆ ಎಂದಿದ್ದರು. ಗೆಳೆಯ ಅದನ್ನು ನನಗೆ ಕಳಿಸಿ ಕೆಳಗೆ ಎರಡು ನಗುವ ಮುಖ ಹಾಕಿದ್ದ. ನಾನೂ ಒಂದು ನಗುವ ಮುಖ ವಾಪಸು ಕಳಿಸಿದೆ.

ಆ ಗುನುಗು ನನ್ನ ವೈನಿಯದು. ಅಣ್ಣನ ಹೆಂಡತಿಯನ್ನು ನಮ್ಮ ಮನೆಗಳಲ್ಲಿ ವೈನಿ ಎನ್ನುತ್ತೇವೆ.

ಸೇಡಂನ ನಮ್ಮ ಮನೆಯಲ್ಲಿ ನೈವೇದ್ಯದ ಅಡುಗೆ ಮಾಡುವವರು ಮಡಿಯಲ್ಲಿ ಇರಬೇಕಿತ್ತು. ಸ್ನಾನ ಮಾಡಿ, ಯಾರೂ ಮುಟ್ಟದೆ ಒಣಗಿದ ಸೀರೆಯುಟ್ಟು, ದೇವರಿಗೆ ಎಡೆಯಾಗುವವರೆಗೆ ಯಾರನ್ನೂ ಸೋಂಕದೆ ಇರುವುದು. ಅವ್ವ ಇದಕ್ಕೆ ಇನ್ನೊಂದು ಸೇರಿಸಿದ್ದಳು. ಒಲೆಯ ಮುಂದೆ ಬಾಯಿ ತೆರೆಯಕೂಡದು. ಮಾತಾಡಿದರೆ ಉಗುಳು ಹಾರುತ್ತದೆ, ಪಾತ್ರೆಯಲ್ಲಿ ಬಿದ್ದರೆ ನೈವೇದ್ಯ ಎಂಜಲು. ಚಿಂಚೋಳಿಯಿಂದ ಸೊಸೆಯಾಗಿ ಬಂದ ವೈನಿಗೆ ಆಗ ಹತ್ತೊಂಬತ್ತು ವರ್ಷ. ತವರಿನಲ್ಲಿ ಆರು ವರ್ಷ ಹಾಡು ಕಲಿತಿದ್ದರು. ಬೆಳಿಗ್ಗೆ ಎರಡು ಮೂರು ತಾಸು ಮಾತಿಲ್ಲದೆ ನಿಲ್ಲಬೇಕಾದವರು ತುಟಿ ಮುಚ್ಚಿಕೊಂಡೇ ಗುನುಗುವುದನ್ನು ಶುರು ಮಾಡಿದರು. ಹಿತ್ತಲಿನಿಂದ ನೀರು ಬೇಕಾದರೆ ಮೇಲಕ್ಕೆ ಏರುವ ಎರಡು ಸ್ವರ. ಮಕ್ಕಳು ಹೊಸ್ತಿಲ ಹತ್ತಿರ ಬಂದರೆ ಚೂಪಾದ ಒಂದು. ಅಡುಗೆ ಮುಗಿಯಿತು, ಸಂಧ್ಯಾವಂದನೆಯಲ್ಲಿದ್ದವರು ಏಳಬಹುದು ಎಂಬುದಕ್ಕೆ ಉದ್ದನೆಯ, ಕೆಳಗಿಳಿಯುವ ಒಂದು. ಇವುಗಳ ನಡುವಿನ ಹೊತ್ತಿನಲ್ಲಿ ಅವರು ಗುನುಗುತ್ತಿದ್ದುದು ಯಾರಿಗಾಗಿಯೂ ಅಲ್ಲ. ಅವ್ವ ಅದಕ್ಕೆ ಅಡ್ಡಿ ಮಾಡಲಿಲ್ಲ. ಬಾಯಿ ತೆರೆದಿಲ್ಲವಲ್ಲ.

ನಾನು ಆ ಸದ್ದಿನಲ್ಲೇ ಓದಿ, ಕಲಬುರಗಿಯಲ್ಲಿ ಎಂ.ಎ. ಮಾಡಿ, ಚಿತ್ತಾಪುರದ ಕಾಲೇಜಿನಲ್ಲಿ ಕನ್ನಡ ಹೇಳಿಕೊಡುವ ಕೆಲಸಕ್ಕೆ ಸೇರಿದೆ. ವಿಶ್ವವಿದ್ಯಾಲಯದಲ್ಲಿ ಜೊತೆಗಿದ್ದ ಗೆಳೆಯ ಶಹಾಬಾದಿನಲ್ಲಿ ಫೋಟೋ ಸ್ಟುಡಿಯೋ ಇಟ್ಟಿದ್ದ. ಹಿಂದಿನ ಕೋಣೆಯ ಗೋಡೆಗೆ ಮೊಟ್ಟೆಯ ಟ್ರೇಗಳನ್ನು ಅಂಟಿಸಿ ಅದನ್ನು ರೆಕಾರ್ಡಿಂಗ್ ರೂಮು ಎನ್ನುತ್ತಿದ್ದ. ಕ್ಯಾಸೆಟ್ಟು ಹೋಗಿ ಸಿ.ಡಿ. ಬರುತ್ತಿದ್ದ ಕಾಲ. ನಾಲವಾರದ ಕಡೆಯ ಯೋಗದ ಮಾಸ್ತರರೊಬ್ಬರು ಬೆಳಗಿನ ಧ್ಯಾನಕ್ಕೆ ಮಾತಿಲ್ಲದ ಒಂದು ತಾಸಿನ ಸಂಗೀತ ಬೇಕೆಂದು ಅವನನ್ನು ಕೇಳಿದರು. ಅವನಲ್ಲಿ ಕೀಬೋರ್ಡಿತ್ತು. ನನ್ನಲ್ಲಿ ಏಕತಾರಿ ಇತ್ತು. ರಾವೂರಿನ ಗಣಿಯಲ್ಲಿ ಪರಸಿ ಎಂಬ ಹಾಸುಗಲ್ಲು ಎತ್ತುವವರು ಪ್ರತಿ ಕಲ್ಲನ್ನೂ ಸುತ್ತಿಗೆಯಿಂದ ಬಡಿದು ನೋಡುತ್ತಾರೆ. ಗಟ್ಟಿಯಾಗಿದ್ದರೆ ಕಲ್ಲು ಗಂಟೆಯಂತೆ ನುಡಿಯುತ್ತದೆ, ಒಳಗೆ ಬಿರುಕಿದ್ದರೆ ಮಂದವಾಗಿ ಬಡಿಯುತ್ತದೆ. ಅಲ್ಲಿಂದ ಬೇರೆ ಬೇರೆ ದಪ್ಪದ ಒಂಬತ್ತು ಕಲ್ಲು ಆರಿಸಿ ತಂದು ಗೋಣಿಚೀಲದ ಮೇಲೆ ಸಾಲಾಗಿ ಇಟ್ಟೆವು. ಎರಡು ವಾರ ನುಡಿಸಿದರೂ ಅದು ಸಂಗೀತವಾಗಲಿಲ್ಲ. ಆಗ ಒಂದು ಭಾನುವಾರ ಸೇಡಂಗೆ ಊಟಕ್ಕೆ ಬಂದ ಗೆಳೆಯ ನಡುಮನೆಯಲ್ಲಿ ಕುಳಿತು ವೈನಿಯ ಗುನುಗು ಕೇಳಿದ. ಅವನು ಎಲೆಯ ಮುಂದೆ ಕೈ ಎತ್ತಿ ಹಿಡಿದು ಎಷ್ಟೋ ಹೊತ್ತು ಹಾಗೇ ಕೂತಿದ್ದ ಎಂದು ನನ್ನ ನೆನಪು. ಇಂಥ ಚಿತ್ರಗಳನ್ನು ನಾನೀಗ ಪೂರಾ ನಂಬುವುದಿಲ್ಲ. ಆದರೆ ಮರುವಾರ ಅವನು ಮೈಕು ತಂದದ್ದು ಖರೆ, ಏಕೆಂದರೆ ಅವ್ವ ಅದನ್ನು ನೋಡಿ ರಂಪ ಮಾಡಿದ್ದು ಮನೆಯವರೆಲ್ಲರಿಗೂ ನೆನಪಿದೆ.

"ಆ ಕರೀ ಬೊಂಬಿ ಒಳಗ ಬರಂಗಿಲ್ಲ," ಎಂದಳು ಅವ್ವ.

"ಕಬ್ಬಿಣದ್ದದ ಅವ್ವಾ. ಕಬ್ಬಿಣಕ್ಕ ಯಾತರ ಮೈಲಿಗಿ?" ಎಂದೆ.

"ಕಬ್ಬಿಣ ಇರಲಿ, ಬಂಗಾರ ಇರಲಿ. ಮದುವಿ ಮನ್ಯಾಗ ಎಷ್ಟು ಮಂದಿ ಬಾಯಿ ಮುಂದ ಹಿಡದಾನೋ ಅದನ್ನ!"

ಗೆಳೆಯ ಅಂಗಳದಿಂದಲೇ ಕೂಗಿದ. "ಒರಸಿ ತಂದೀನ್ರಿ ಅವ್ವಾರ."

"ಯಾತರ್ಲೆ ಒರಸಿದಿ?"

ಅವನು ಕಿಸೆಯಿಂದ ಕರವಸ್ತ್ರ ತೆಗೆದು ತೋರಿಸಿದ. ಅವ್ವ ಮುಖ ತಿರುಗಿಸಿಕೊಂಡಳು. ಕೊನೆಗೆ ಒಪ್ಪಂದವಾದದ್ದು ಹೀಗೆ. ಮೈಕು ಅಡುಗೆಮನೆಯ ಹೊಸ್ತಿಲು ದಾಟಬಾರದು, ಮಾಳಿಗೆಯ ಮೇಲಿನಿಂದ ಬೆಳಕಿಂಡಿಯಲ್ಲಿ ಇಳಿಬಿಡಬೇಕು. ಅದಕ್ಕೆ ರೇಷ್ಮೆ ಸುತ್ತಬೇಕು, ರೇಷ್ಮೆಗೆ ಮೈಲಿಗೆ ಹತ್ತುವುದಿಲ್ಲವಲ್ಲ. ಅಪ್ಪ ಪೂಜೆಗೆ ಉಡುತ್ತಿದ್ದ ರೇಷ್ಮೆಯ ಧೋತರವೊಂದು ಹರಿದಿತ್ತು. ಅದರ ತುಂಡನ್ನು ನಾಲ್ಕು ಸುತ್ತು ಸುತ್ತಿ ದಾರ ಕಟ್ಟಿದೆವು. ಮೂರು ಬೆಳಿಗ್ಗೆ ನಾನು ಮತ್ತು ಗೆಳೆಯ ಮಾಳಿಗೆಯ ಮೇಲೆ ಬಿಸಿಲಲ್ಲಿ ಮಕಾಡೆ ಮಲಗಿ ಒಲೆಯ ಹೊಗೆ ಕುಡಿಯುತ್ತ ವೈರು ಹಿಡಿದುಕೊಂಡಿದ್ದೆವು. ವೈನಿ ಒಮ್ಮೆ ತಲೆಯೆತ್ತಿ ನೋಡಿದ್ದರು.

ಶಹಾಬಾದಿಗೆ ಒಯ್ದು ಕೇಳಿದಾಗ ಗೆಳೆಯ ಮೊದಲು ತಲೆ ಚಚ್ಚಿಕೊಂಡ. ನಾಲ್ಕು ಸುತ್ತು ರೇಷ್ಮೆ ಉಸಿರನ್ನೆಲ್ಲ ಹೀರಿಕೊಂಡಿತ್ತು. ಗಂಟಲಿನ ಒರಟು, ಮೂಗಿನ ಗಾಳಿ, ಯಾವುದೂ ಉಳಿದಿರಲಿಲ್ಲ. ಉಳಿದದ್ದು ಬರೀ ನಾದ. ಆಮೇಲೆ ಅವನೇ ಕುಣಿದಾಡಿದ. "ಲೇ, ಇದು ಮನಷ್ಯಾರ ದನಿ ಅಂತ ಅನಸಂಗೇ ಇಲ್ಲಲೇ! ನನ್ನ ಕೀಬೋರ್ಡಿನ ಅಕ್ಕ ಇದ್ದಂಗದ!" ಅದರ ಕೆಳಗೆ ಕೀಬೋರ್ಡನ್ನು ಬೆರೆಸಿದ. ಮೇಲೆ ನಾನು ಕಲ್ಲು ಬಡಿದೆ. ಧ್ಯಾನದ ಕ್ಯಾಸೆಟ್ಟು ಸಿದ್ಧವಾಯಿತು. ಅದರ ಹೊದಿಕೆಯ ಕಾರ್ಡನ್ನು ಬರೆದವನು ನಾನು. ನನ್ನ ಅಕ್ಷರ ದುಂಡಗಿತ್ತು. ಗೆಳೆಯನ ಹೆಸರು, ನನ್ನ ಹೆಸರು, ಇಬ್ಬರೂ ನುಡಿಸಿದ ವಾದ್ಯಗಳು. ಗೆಳೆಯನ ಹೆಸರಿನ ಮುಂದೆ 'ಕೀಬೋರ್ಡ್ ಮತ್ತು ಸ್ವರ' ಎಂದು ಬರೆದೆ. ವೈನಿಯ ಹೆಸರು ಬರೆಯಲಿಲ್ಲ.

ಯಾಕೆ ಬರೆಯಲಿಲ್ಲ ಎಂದು ಯಾರಾದರೂ ಕೇಳಿದ್ದರೆ, ಇಷ್ಟು ವರ್ಷ, ಉತ್ತರ ನನ್ನ ಬಳಿ ಸಿದ್ಧವಿತ್ತು. ವೈನಿಯೇ ಬೇಡವೆಂದರು. ಹಿತ್ತಲ ಕಟ್ಟೆಯ ಮೇಲೆ ಕುಳಿತು ತೊಗರಿಬೇಳೆ ಹಸನು ಮಾಡುತ್ತಿದ್ದರು, ಮೊರದಿಂದ ತಲೆಯೆತ್ತದೆ, "ನನ್ನ ಹೆಸರು ಹಾಕಬ್ಯಾಡಪಾ, ಮಂದಿ ಏನಂದಾರು" ಎಂದರು. ಮೊರದ ಅಂಚಿಗೆ ಹಳದಿ ಬಟ್ಟೆ ಹೊಲಿದಿತ್ತು. ಇದನ್ನು ನಾನು ತರಗತಿಯಲ್ಲಿ ಹೇಳಿದ್ದೇನೆ. ಹೆಣ್ಣುಮಕ್ಕಳ ಕಲೆಯ ಬಗ್ಗೆ ಒಮ್ಮೆ ಒಂದು ಸಭೆಯಲ್ಲಿ ಭಾಷಣ ಮಾಡುವಾಗ ಹೇಳಿ, ಎದುರಿಗಿದ್ದವರ ಕಣ್ಣು ತೇವವಾದದ್ದನ್ನೂ ನೋಡಿದ್ದೇನೆ.

ಸಿನಿಮಾದವರು ಬಂದದ್ದು ಇತ್ತೀಚೆಗೆ. ವಾಡಿಯ ಸುತ್ತಲಿನ ಗಣಿಗಳಲ್ಲಿ ಚಿತ್ರೀಕರಣಕ್ಕೆ ಬಂದವರು ಬ್ಯಾನರು ಮಾಡಿಸಲು ಗೆಳೆಯನ ಅಂಗಡಿಗೆ ಹೋಗಿದ್ದರು. ಅವನ ಕಂಪ್ಯೂಟರಿನಲ್ಲಿ ಇದು ಹಾಡುತ್ತಿತ್ತು. ಇಡೀ ಕ್ಯಾಸೆಟ್ಟನ್ನೇ ಸಿನಿಮಾಕ್ಕೆ ತೆಗೆದುಕೊಂಡು, ಆಮೇಲೆ ಸಿನಿಮಾದ ಹೆಸರಿನಲ್ಲೇ ಆಲ್ಬಮ್ಮಾಗಿ ಮತ್ತೆ ಹೊರತರುತ್ತೇವೆ ಎಂದರು. ಕರಾರಿನ ಕಾಗದಕ್ಕೆ ನಾವಿಬ್ಬರೂ ವಾಡಿ ಸ್ಟೇಶನ್ನಿನ ಎದುರಿನ ಚಹಾದ ಅಂಗಡಿಯಲ್ಲಿ ಸಹಿ ಹಾಕಿದೆವು. 'ಇದರಲ್ಲಿ ಮೂರನೆಯ ಯಾವ ವ್ಯಕ್ತಿಯ ಧ್ವನಿಯಾಗಲಿ ವಾದನವಾಗಲಿ ಇಲ್ಲ' ಎಂಬ ಸಾಲು ಅದರಲ್ಲಿತ್ತು. ಓದದೆ ಸಹಿ ಹಾಕಿದೆ ಎಂದು ಹೇಳಿಬಿಡಬಹುದು. ಓದಿದ್ದೆ. ಎರಡು ಸಲ.

"ಇದೊಂದು ಸಾಲು ಹ್ಯಾಂಗಪಾ?" ಎಂದೆ.

"ಹ್ಯಾಂಗಂದ್ರ? ಕಾರ್ಡಿನ ಮ್ಯಾಲ ನೀನೇ ಬರ್ದೀದಿ. ಅವ್ರು ಅದನ್ನೇ ನೋಡಿ ಬರ್ಕೊಂಡಾರ. ಹಾಕಲೇ ಮಾಸ್ತರ, ನನ್ನ ಗಾಡಿ ಬರೋ ಹೊತ್ತಾತು."

ಹಾಕಿದೆ.

ಅಣ್ಣ ನೌಕರಿಯಿಂದ ನಿವೃತ್ತನಾದ ಮೇಲೆ ಅವನು, ವೈನಿ ಚಿಂಚೋಳಿಯಲ್ಲೇ ಮನೆ ಮಾಡಿದ್ದಾರೆ. ಸಿನಿಮಾ ಬಂದದ್ದನ್ನು ನಾನು ಅವರಿಗೆ ಹೇಳಿರಲಿಲ್ಲ. ಮರೆತೆ ಎಂದು ಆಗ ಅಂದುಕೊಂಡಿದ್ದೆ. ಓಣಿಯ ಯಾರದೋ ಫೋನಿನಲ್ಲಿ ನೋಡಿ, ವೈನಿಯೇ ಒಂದು ಮಧ್ಯಾಹ್ನ ನನಗೆ ಫೋನು ಮಾಡಿದರು.

"ಏನ್ ಮಾಸ್ತರ, ಭಾಳ ದೊಡ್ಡ ಮನಷ್ಯಾ ಆಗೀದಿ. ಸಿನಿಮಾಕ್ಕ ಕಲ್ಲು ಬಡದಿ ಅಂತ."

"ಹೌದ್ರಿ ವೈನಿ, ಅದು ಆ ಹಳೇದ್ದೇ..."

"ಹಳೇದು ಅಂತ ಗೊತ್ತಾತು. ನಡುವ ಎರಡು ಸಲ ನೀರಿಗೆ ಕರದೀನಿ. ನೀರು ತಂದುಕೊಡವ್ರು ಯಾರೂ ಬರಲಿಲ್ಲ, ಸಿನಿಮಾದಾಗ ಒಬ್ಬಾವ ಗುಡ್ಡ ಹತ್ತಿಕೋತ ಹ್ವಾದ." ಅವರು ನಕ್ಕರು. ನಾನೂ ನಕ್ಕೆ. "ಕೆಳಗ ಹೆಸರು ಬಂದ್ವು. ಓದಿದೆ. ನಾ ಕೀಬೋರ್ಡ್ ಯಾವಾಗ ಆದೆ?"

ಮರುದಿನ ಬಸ್ಸು ಹತ್ತಿ ಚಿಂಚೋಳಿಗೆ ಹೋದೆ. ವೈನಿ ಪಡಸಾಲೆಯಲ್ಲಿ ಕುಳಿತಿದ್ದರು. ಕುಂದ್ರು ಎಂದರು. ಅವಲಕ್ಕಿ ಕೊಟ್ಟರು. ನಾನು ತಿನ್ನುವವರೆಗೂ ಆ ಮಾತು ಎತ್ತಲಿಲ್ಲ. ನಾನೇ ಎತ್ತಿದೆ.

"ನೀವೇ ಬ್ಯಾಡ ಅಂದಿದ್ರಲ್ಲ ವೈನಿ. ಮಂದಿ ಏನಂದಾರು ಅಂತ. ಹಿತ್ತಲದಾಗ, ಬ್ಯಾಳಿ ಹಸನ ಮಾಡಲಿಕತ್ತಿದ್ರಿ."

ಅವರು ನನ್ನ ಕಡೆ ತಿರುಗಿದರು. "ನಾನು?"

"ಹೌದ್ರಿ."

"ನಾ ಹಂಗ ಅಂದಿಲ್ಲ. ನಾ ಯಾಕ ಅನ್ಲಿ? ಹಾಡು ಕಲಿತಾಕಿ ಇದ್ದೆ ನಾ. ಹೆಸರು ಬರೂದು ಒಂದು ಸಲ ಬಂದಿತ್ತು, ಅದನ್ನ ಬ್ಯಾಡ ಅಂತೀನೇನು?" ದನಿ ಏರಲಿಲ್ಲ. "ನೀ ಏನೋ ಮಾಡಿಕೊಂಡೀದಿ ಮನಸಿನ್ಯಾಗ. ಇರ್ಲಿ. ಈಗ ಹಾಕಸು."

"ಈಗ..."

"ಅವರಿಗೆ ಬರಿ. ಅದು ಯಂತ್ರ ಅಲ್ಲ, ಒಬ್ಬಾಕಿ ಹಾಡ್ಯಾಳ ಅಂತ ಬರಿ. ನನಗ ಬ್ಯಾರೆ ಏನೂ ಬ್ಯಾಡ, ಹೆಸರು ಬೇಕು."

ಬಸ್ಸಿನಲ್ಲಿ ವಾಪಸು ಬರುವಾಗ ವೈನಿಗೇ ಮರೆವು ಎಂದು ನನ್ನಷ್ಟಕ್ಕೆ ಹೇಳಿಕೊಂಡೆ. ನನಗೆ ಮೊರದ ಅಂಚಿನ ಹಳದಿ ಬಟ್ಟೆ ಸಹ ಕಾಣುತ್ತಿತ್ತು. ಅಷ್ಟು ಸ್ಪಷ್ಟವಾಗಿ ಕಾಣುವುದು ಹೇಗೆ ಸುಳ್ಳಾದೀತು? ವಿಶ್ವವಿದ್ಯಾಲಯಕ್ಕೆ ಸೇರಿದಂದಿನಿಂದ ನಾನು ದಿನಚರಿ ಬರೆಯುತ್ತೇನೆ. ಚಿತ್ತಾಪುರದ ಮನೆಯಲ್ಲಿ ಅವು ಕಬ್ಬಿಣದ ಪೆಟ್ಟಿಗೆಯಲ್ಲಿವೆ. ವೈನಿಗೆ ತೋರಿಸಲೆಂದೇ ಆ ವರ್ಷದ್ದನ್ನು ಹುಡುಕಿ ತೆಗೆದೆ. ಕಾರ್ಡು ಬರೆದ ದಿನದ ಪುಟ ಸಿಕ್ಕಿತು. ಅಲ್ಲಿದ್ದುದು ಇಷ್ಟು:

'ಕಾರ್ಡು ಮುಗಿಯಿತು. ಅಕ್ಷರ ಚೆನ್ನಾಗಿ ಬಂದಿದೆ. ವೈನಿ ಬಂದು ನೋಡಿದರು. ನನ್ನದು ಎಲ್ಲಿ ಬರೀತಿ ಎಂದು ಕೇಳಿದರು. ಒಗ್ಗರಣೆಯ ಸದ್ದೂ ಅದರಲ್ಲಿ ಬಂದಿದೆ, ಅದರ ಹೆಸರೂ ಹಾಕಬೇಕೇನು ಎಂದೆ. ಎಲ್ಲರೂ ನಕ್ಕೆವು. ಸಂಜೆ ಮಳೆ.'

ಹಿತ್ತಲಿಲ್ಲ, ಮೊರವಿಲ್ಲ, ಬೇಳೆಯಿಲ್ಲ. ಆ ಪುಟದ ಹಿಂದೆ ಮುಂದೆ ಎರಡು ತಿಂಗಳು ಓದಿದೆ. ವೈನಿ ಬೇಡವೆಂದ ಮಾತು ಎಲ್ಲಿಯೂ ಇಲ್ಲ. ಆ ಹಳದಿ ಬಟ್ಟೆಯನ್ನು ನಾನು ಯಾವಾಗ ಹೊಲಿದೆನೋ ನನಗೆ ತಿಳಿಯದು. ಮೊದಲ ಸಲ ಯಾರಿಗಾದರೂ ಹೇಳುವಾಗ ಇರಬಹುದು. ಹೇಳಿದಂತೆಲ್ಲ ಅದು ಗಟ್ಟಿಯಾಗಿರಬಹುದು. ದಿನಚರಿ ಬರೆಯುವವನು ನೆನಪನ್ನು ನಂಬುವುದಿಲ್ಲ ಎಂದು ನಾನು ಜಂಬದಿಂದ ಹೇಳುತ್ತಿದ್ದೆ. ಬರೆದಿಟ್ಟದ್ದನ್ನು ತೆರೆದು ನೋಡದಿದ್ದರೆ ಬರೆದು ಪ್ರಯೋಜನವೇನು ಎಂದು ಯಾರೂ ಕೇಳಿರಲಿಲ್ಲ. ಮತ್ತೆ, ಆ ಪುಟವೂ ಎಷ್ಟು ನಿಜ? 'ಎಲ್ಲರೂ ನಕ್ಕೆವು' ಎಂದು ಬರೆದಿದ್ದೇನೆ. ಎಲ್ಲರೂ ಎಂದರೆ ಯಾರು?

ಶಹಾಬಾದಿಗೆ ಹೋಗಿ ಗೆಳೆಯನ ಮುಂದೆ ದಿನಚರಿಯ ಆ ಪುಟ ತೆರೆದಿಟ್ಟೆ. ಅವನು ಕನ್ನಡಕ ಏರಿಸಿ ಓದಿ, ಮಡಚಿ ವಾಪಸು ಕೊಟ್ಟ.

"ಮತ್ತೇನು ಮಾಡೂದು ಅಂತೀದಿ?"

"ಬರ್ಯೋಣು ಅವ್ರಿಗೆ. ತಪ್ಪಾಗ್ಯದ ಅಂತ."

"ತಪ್ಪು ಅಂದ್ರ ಅವ್ರು ಸುಳ್ಳು ಅಂತಾರ. ಮೂರನೇದವ್ರು ಯಾರೂ ಇಲ್ಲ ಅಂತ ಸಹಿ ಹಾಕೀವಿ. ಆಲ್ಬಮ್ಮೇ ತಗದುಬಿಟ್ರ?" ಅವನು ಪ್ರಿಂಟರಿನ ಕಡೆ ತಿರುಗಿದ. "ಮತ್ತ ನೋಡು, ಆ ಗುನುಗಿನ ಕೆಳಗ ಕೀಬೋರ್ಡ್ ಅದನೋ ಇಲ್ಲೋ? ಅದ. ಪೂರಾ ಸುಳ್ಳೇನೂ ಅಲ್ಲ."

"ವೈನಿ ನಿನಗ ಎಷ್ಟು ಸಲ ಊಟಕ್ಕ ಹಾಕ್ಯಾರಲೇ."

"ಹಾಕ್ಯಾರ. ಅಂಗಳದಾಗ, ಬ್ಯಾರೆ ಎಲಿ ಹಾಕಿ." ಅವನು ನಗಲಿಲ್ಲ. "ನಡುಮನಿತನಕ ಬಿಟ್ಟದ್ದು ಎರಡು ಸಲ. ನನಗೂ ನೆನಪದ ಮಾಸ್ತರ. ಬರೀತಿದ್ರ ನೀ ಬರಿ. ನನ್ನ ಹೆಸರು ಎಳೀಬ್ಯಾಡ."

ಅವನು ಎಲೆಯ ಮುಂದೆ ಕೈ ಎತ್ತಿ ಕೂತದ್ದು ನಡುಮನೆಯಲ್ಲೋ ಅಂಗಳದಲ್ಲೋ ಎಂದು ನಾನು ಕೇಳಬಹುದಿತ್ತು. ಕೇಳಲಿಲ್ಲ.

ಆಲ್ಬಮ್ಮು ಹೊರತಂದ ಕಂಪನಿಗೆ ನಾನೊಬ್ಬನೇ ಬರೆದೆ. ಸಹಿ ಹಾಕಿದ ಸಾಲು ತಪ್ಪು, ತಪ್ಪು ನನ್ನದು, ಅದು ಯಂತ್ರವಲ್ಲ, ನನ್ನ ಅಣ್ಣನ ಹೆಂಡತಿಯ ದನಿ ಎಂದು. ದಿನಚರಿಯ ಪುಟದ ಫೋಟೋ ಜೊತೆಗಿಟ್ಟೆ. ಒಗ್ಗರಣೆಯ ಸಾಲು ಅದರಲ್ಲಿತ್ತು. ಅಷ್ಟನ್ನು ಮರೆಮಾಡಿ ಫೋಟೋ ತೆಗೆಯಲು ನೋಡಿದೆ, ಆಮೇಲೆ ನಾಚಿಕೆಯಾಗಿ ಪೂರ್ತಿ ತೆಗೆದೆ. ಮೂರು ವಾರ ಉತ್ತರ ಬರಲಿಲ್ಲ. ಬಂದಾಗ ಗೆಳೆಯ ಹೆದರಿದಂತೆ ಏನೂ ಆಗಲಿಲ್ಲ. ಸಂತೋಷದಿಂದ ಸೇರಿಸುತ್ತೇವೆ, ಗಾಯಕಿಯ ಹೆಸರು ಗುರುತಿನ ಚೀಟಿಯಲ್ಲಿ ಇರುವಂತೆಯೇ ತುಂಬಿ ಕಳಿಸಿ ಎಂದು ಒಂದು ನಮೂನೆ ಕಳಿಸಿದ್ದರು.

ಅದನ್ನು ಹಿಡಿದು ಗೆದ್ದವನಂತೆ ಚಿಂಚೋಳಿಗೆ ಹೋದೆ. ದಿನಚರಿಯ ಪುಟವನ್ನೂ ತೋರಿಸಿದೆ. ವೈನಿ ಅದನ್ನು ಬೆಳಕಿಗೆ ಹಿಡಿದು ನಿಧಾನವಾಗಿ ಓದಿದರು.

"ನಾನೂ ನಕ್ಕಿದ್ದೆ," ಎಂದರು. "ನಗದೆ ಏನ್ ಮಾಡಲಿ, ಅತ್ತಿಯವರು ಅಲ್ಲೇ ಕೂತಿದ್ರು."

"ತಪ್ಪಾತ್ರಿ ವೈನಿ."

ಅವರು ದಿನಚರಿಯನ್ನು ವಾಪಸು ಕೊಟ್ಟರು. ನಾನು ನಮೂನೆ ತೆರೆದು ಪೆನ್ನು ಹಿಡಿದು ಅವರ ಹೆಸರಿನ ಮೊದಲ ಅಕ್ಷರ ಬರೆದಿದ್ದೆ. "ತಡಿ," ಎಂದರು. "ಯಾವ ಹೆಸರು ಬರೀಲಿಕತ್ತೀದಿ?"

"ನಿಮ್ಮ ಹೆಸರು."

"ಅದು ಈ ಮನಿಗೆ ಬಂದ ಮ್ಯಾಲಿಂದು. ಆ ಹೆಸರಿನಾಕಿ ಹಾಡು ಕಲಿತಿಲ್ಲ. ಅಡಗಿ ಕಲಿತಾಳ." ಒಳಗೆ ಹೋಗಿ ಟ್ರಂಕಿನಿಂದ ಒಂದು ಕಾಗದ ತಂದರು. ಸಂಗೀತದ ಜೂನಿಯರ್ ಪರೀಕ್ಷೆಯ ಪ್ರಮಾಣಪತ್ರ, ಮಡಿಕೆಗಳಲ್ಲಿ ಹರಿದು ಹಿಂದಿನಿಂದ ಅಂಟಿಸಿದ್ದು. ಅದರಲ್ಲಿದ್ದ ಹೆಸರನ್ನು ನಾನು ನೋಡಿದ್ದು ಅದೇ ಮೊದಲು. ಮೂವತ್ತೆಂಟು ವರ್ಷ ಒಂದೇ ಮನೆಯವರು. ಅವರಿಗೆ ಹಿಂದೊಂದು ಹೆಸರಿತ್ತು ಎಂಬುದು ನನಗೆ ಗೊತ್ತಿರಲಿಲ್ಲ ಎನ್ನಲಾರೆ. ನಮ್ಮಲ್ಲಿ ಎಲ್ಲ ಸೊಸೆಯರಿಗೂ ಇರುತ್ತದೆ. ಮದುವೆಯ ದಿನ ತಟ್ಟೆಯಲ್ಲಿ ಅಕ್ಕಿ ಹರಡಿ, ಗಂಡ ಉಂಗುರದಿಂದ ಅದರ ಮೇಲೆ ಹೊಸ ಹೆಸರು ಬರೆಯುತ್ತಾನೆ. ಆಮೇಲೆ ಹಳೆಯದನ್ನು ಯಾರೂ ಕರೆಯುವುದಿಲ್ಲ.

"ಅಕ್ಕಿ ಮ್ಯಾಲ ಬರ್ದ ಹೆಸರು ಯಾರು ಆರಿಸಿದ್ದು, ನೆನಪದೇನು?" ಎಂದರು ವೈನಿ.

"ಅಣ್ಣ."

"ನಿಮ್ಮಣ್ಣಗ ಅಷ್ಟು ಕನ್ನಡ ಎಲ್ಲಿ ಬರ್ತದ? ನೀ ಆರಿಸಿ ಕೊಟ್ಟಿದ್ದಿ. ಹಳೇ ಪುಸ್ತಕದಾಗಿಂದು, ಭಾಳ ಛಲೋ ಅರ್ಥ ಅದ ಅಂತ ಎಲ್ಲರ ಮುಂದ ಬಿಡಿಸಿ ಹೇಳಿದ್ದಿ. ಹದಿನೇಳು ವರ್ಷದಾಂವ."

ನನಗೆ ನೆನಪಿಲ್ಲ. ಆಗ ದಿನಚರಿಯೂ ಇರಲಿಲ್ಲ. ಈ ಸಲ ಅವರು ಹೇಳಿದ್ದನ್ನೇ ನಂಬುತ್ತೇನೆ, ಅಂಥದ್ದನ್ನು ನಾನು ಮಾಡುವವನೇ ಆಗಿದ್ದೆ.

ಕಂಪನಿಗೆ ಮತ್ತೆ ಬರೆದೆ. ಗುರುತಿನ ಚೀಟಿಯಲ್ಲಿ ಇಲ್ಲದ ಹೆಸರು ಬೇಕಾದರೆ ಎರಡೂ ಹೆಸರು ಒಬ್ಬರದೇ ಎಂದು ನೋಟರಿಯ ಮುಂದೆ ಪ್ರಮಾಣ ಮಾಡಿದ ಪತ್ರ ಬೇಕು ಎಂದರು. ಕಷ್ಟದ ಕೆಲಸವಲ್ಲ. ವೈನಿಯನ್ನು ಕರೆದುಕೊಂಡು ಒಂದು ದಿನ ತಾಲೂಕು ಕೋರ್ಟಿನ ಎದುರು ಕೂಡಬೇಕು, ಇಬ್ಬರು ಸಾಕ್ಷಿಗಳನ್ನು ಹುಡುಕಬೇಕು. ಕಾಲೇಜಿನಲ್ಲಿ ಪರೀಕ್ಷೆ ನಡೆದಿತ್ತು. ಮುಂದಿನ ವಾರ, ಅದರ ಮುಂದಿನ ವಾರ ಎನ್ನುತ್ತ ಒಂದು ತಿಂಗಳು ಕಳೆಯಿತು. ಕಂಪನಿಯವರು ಈ ವಾರದಲ್ಲಿ ಬಾರದಿದ್ದರೆ ಪಟ್ಟಿ ಹಾಗೆಯೇ ಉಳಿಯುತ್ತದೆ ಎಂದು ಬರೆದರು. ನಾನು ಅಣ್ಣನಿಗೆ ಫೋನು ಮಾಡಿದೆ.

"ಅಷ್ಟೆಲ್ಲ ಯಾಕ ಕೋರ್ಟು ಕಚೇರಿ?" ಎಂದ ಅಣ್ಣ. "ಅಕಿದೇನು, ಹಟ. ಅಕಿ ಆಧಾರ್ ಕಾರ್ಡಿನ ಫೋಟೋ ಕಳಸ್ತೀನಿ, ಹಾಕಿಬಿಡು. ನೋಡಿದ ಮ್ಯಾಲ ಖುಷಿನೇ ಆಗ್ತಾಳ."

"ಒಂದು ಮಾತು ಕೇಳ್ತಿದ್ರ..."

"ಗುಡಿಗೆ ಹೋಗ್ಯಾಳ."

ಐದು ನಿಮಿಷದಲ್ಲಿ ಫೋಟೋ ಬಂತು. ವೈನಿ ಗುಡಿಯಿಂದ ಬರುವವರೆಗೆ ನಾನು ಕಾಯಬಹುದಿತ್ತು. ಅಂದು ವಾರದ ಕೊನೆಯ ದಿನವೇನೂ ಆಗಿರಲಿಲ್ಲ, ಇನ್ನೂ ಎರಡು ದಿನವಿತ್ತು. ನಮೂನೆಯನ್ನು ನಾನೇ ತುಂಬಿದೆ. ಯಾವುದೂ ಇಲ್ಲದ್ದಕ್ಕಿಂತ ಇದು ಮೇಲು ಎಂದುಕೊಂಡೆ. ಹೀಗೆ ಅಂದುಕೊಂಡದ್ದು ಅವರ ಸಲುವಾಗಿ ಅಲ್ಲ. ಈ ಕೆಲಸ ಮುಗಿದು ನನ್ನ ಮೈಮೇಲಿಂದ ಇಳಿದರೆ ಸಾಕಾಗಿತ್ತು.

ಈಗ ಆ ಪಟ್ಟಿಯಲ್ಲಿ 'ಕೀಬೋರ್ಡ್ ಸ್ವರ' ಇಲ್ಲ. 'ಧ್ವನಿ' ಎಂದಿದೆ, ಮುಂದೆ ಹದಿನೇಳು ವರ್ಷದ ಹುಡುಗ ಹಳೇ ಪುಸ್ತಕದಿಂದ ಆರಿಸಿದ ಹೆಸರಿದೆ. ಅಣ್ಣ ಅದನ್ನು ನೆಂಟರಿಗೆಲ್ಲ ಕಳಿಸಿದ. ತೆಂಗಳಿಯಿಂದ, ಸೇಡಂನಿಂದ ವೈನಿಗೆ ಅಭಿನಂದನೆಯ ಫೋನುಗಳು ಬಂದವಂತೆ. ನಾನು ಮಾಡಿದಾಗ ಅವರು ಎತ್ತಿಕೊಂಡರು. ಮೊಣಕಾಲಿನ ನೋವಿನ ಬಗ್ಗೆ, ನನ್ನ ಹೆಂಡತಿಯ ಶುಗರಿನ ಬಗ್ಗೆ ಮಾತಾಡಿದರು. ಇಡುವ ಮೊದಲು, "ಯಾರೋ ಒಬ್ಬಾಕಿ ಹಾಡ್ಯಾಳ ಅಂತ ಹಾಕ್ಯಾರಲ್ಲ. ಛಲೋ ಹಾಡ್ಯಾಳ," ಎಂದರು.

ಸರಿಪಡಿಸಿ ಎಂದು ನಾನು ಕಂಪನಿಗೆ ಮೂರನೆಯ ಸಲ ಬರೆದೆ. ಅವರು ಬೇಸರ ತೋರಿಸಲಿಲ್ಲ. ಒಮ್ಮೆ ಸೇರಿಸಿದ ಹೆಸರನ್ನು ಬದಲಿಸಲು ಅಥವಾ ತೆಗೆಯಲು ಆ ಹೆಸರಿನವರೇ ಒಪ್ಪಿ ಸಹಿ ಮಾಡಬೇಕು ಎಂದು ಇನ್ನೊಂದು ನಮೂನೆ ಕಳಿಸಿದರು. ಅದನ್ನು ಚಿಂಚೋಳಿಗೆ ಒಯ್ದೆ. ಈ ಸಲ ನೋಟರಿಯ ಬಳಿ ಹೋಗಲು ರಜೆಯನ್ನೂ ಹಾಕಿದ್ದೆ, ಸಾಕ್ಷಿಗಳಿಬ್ಬರಿಗೂ ಹೇಳಿಟ್ಟಿದ್ದೆ. ವೈನಿ ಓದಿದರು. ಸಹಿಯ ಜಾಗದಲ್ಲಿ ಅಚ್ಚಾಗಿದ್ದ ಹೆಸರಿನ ಕೆಳಗೆ ಬೆರಳಿಟ್ಟರು.

"ಈ ಹೆಸರಿನ ಸಹಿ ನಾ ಬ್ಯಾಂಕಿನ್ಯಾಗ ಮಾಡ್ತೀನಿ, ರೇಷನ್ ಅಂಗಡ್ಯಾಗ ಮಾಡ್ತೀನಿ," ಎಂದರು. "ಇಲ್ಲಿ ಮಾಡಿದ್ರ ಹಾಡಿದಾಕಿ ಇಕಿನೇ ಅಂತ ನಾನೇ ಒಪ್ಪಿದಂಗ ಆಗ್ತದ. ಒಪ್ಪಂಗಿಲ್ಲ."

"ಮಾಡ್ಲಿಲ್ಲಂದ್ರ ಅದು ಹಂಗೇ ಉಳೀತದ್ರಿ ವೈನಿ."

"ಉಳೀಲಿ. ಹಾಕಿದಾಂವ ನೀ."

ಅವರು ಕಾಗದವನ್ನು ನನ್ನ ಕಡೆ ಸರಿಸಿದರು. ಅಣ್ಣ ಒಳಗಿನಿಂದ, ಊಟಕ್ಕೆ ಇರ್ತಾನೇನು ಕೇಳು ಎಂದು ಕೂಗಿದ. ವೈನಿ ನನ್ನನ್ನು ಕೇಳಲಿಲ್ಲ. "ಇರಂಗಿಲ್ಲಂತ, ಬಸ್ಸು ಅದ ಅಂತ," ಎಂದು ಅವನಿಗೆ ಉತ್ತರ ಕೊಟ್ಟರು. ಬಸ್ಸಿಗೆ ಇನ್ನೂ ಒಂದೂವರೆ ತಾಸಿತ್ತು. ನಾನು ಎದ್ದು ಚಪ್ಪಲಿ ಮೆಟ್ಟಿಕೊಂಡೆ.